ಮೊತ್ತ ಸರಿಯಿದೆ

ನಿಮ್ಮ ಸಂಬಳದ ಚೀಟಿಯನ್ನು ಮಕ್ಕಳ ಕಣ್ಣಿಗೆ ಬೀಳದಂತೆ ಎಲ್ಲಿ ಬಚ್ಚಿಟ್ಟಿದ್ದೀರಿ? ಮಡಿಸಿಟ್ಟ ಹೊದಿಕೆಗಳ ನಡುವೆಯೇ, ಕೆಟ್ಟುಹೋದ ಗಡಿಯಾರದ ಪೆಟ್ಟಿಗೆಯಲ್ಲೇ, ಅಥವಾ ಯಾವ ಮಗುವೂ ತಾನಾಗಿ ತೆರೆಯಲಾರದೆಂಬ ಭರವಸೆಯಿಂದ ಹಳೆಯ ಗಣಿತ ಪುಸ್ತಕದ ಒಳಗೇ? ಮನೆಗೆ ಬರುವ ಹಣ ಎಷ್ಟೆಂದು ಹದಿನೈದು ವರ್ಷದ ಮಗುವಿಗೆ ಒಂದು ದಿನವೂ ಹೇಳದೆ, ಅದೇ ಮಗು ಶೂ ಕಿತ್ತುಹೋಯಿತೆಂದು ಬಂದು ನಿಂತಾಗ ಮಾತ್ರ ದುಡ್ಡಿನ ಬೆಲೆಯ ಕುರಿತು ಅರ್ಧ ಗಂಟೆ ಭಾಷಣ ಬಿಗಿಯುವವರು ನೀವೇ ತಾನೆ? ಹಾಗಿದ್ದರೆ ಕುರ್ಚಿ ಎಳೆದುಕೊಳ್ಳಿ. ಈ ಕಥೆ ನಿಮಗೆ ಸಂಬಂಧಿಸಿದ್ದು.

ಇದು ತಮಗೆ ಸಂಬಂಧಿಸಿದ್ದಲ್ಲ ಎಂದು ಮೊಟ್ಟಮೊದಲು ಭಾವಿಸಿದವರು ಗಣಿತದ ಮೇಷ್ಟರು. ಇಪ್ಪತ್ತೊಂಬತ್ತು ವರ್ಷಗಳಿಂದ ಒಂದೇ ಶಾಲೆಯಲ್ಲಿ, ಒಂದೇ ಬಣ್ಣದ ಅಂಗಿ ತೊಟ್ಟು, ಭಾಗಾಕಾರ ಕಲಿಸಿದ ಮನುಷ್ಯ. ಜಗತ್ತಿನ ಸಕಲ ಸಂಗತಿಯನ್ನೂ ಶೇಕಡಾವಾರಿನಲ್ಲಿ ಅಳೆಯುವುದು ಅವರ ರೂಢಿ. “ನಿನ್ನ ದೇಹ ಶೇಕಡಾ ನೂರು ಇಲ್ಲಿದೆ, ಗಮನ ಶೇಕಡಾ ಹನ್ನೆರಡು” ಎಂದು ಅವರು ಬೈದರೆ ಬೈಸಿಕೊಂಡವನು ನಕ್ಕುಬಿಡುತ್ತಿದ್ದ. ಹೀಗಾಗಿ ಮಕ್ಕಳು ಅವರಿಗೆ ‘ಶೇಕಡಾ’ ಎಂದೇ ಹೆಸರಿಟ್ಟಿದ್ದರು. ಅದು ಅವರಿಗೆ ಗೊತ್ತಿತ್ತು. ಅದಕ್ಕಿಂತ ಕೆಟ್ಟ ಹೆಸರುಗಳು ಪಕ್ಕದ ಕೊಠಡಿಯ ವಿಜ್ಞಾನದ ಮೇಷ್ಟರ ಪಾಲಾಗಿದ್ದುದೂ ಗೊತ್ತಿತ್ತು.

ಆ ವರ್ಷದ ಆರಂಭದಲ್ಲಿ ಯಾವುದೋ ಬ್ಯಾಂಕಿನ ಯುವಕನೊಬ್ಬ ಶಾಲೆಯ ಸಭಾಂಗಣಕ್ಕೆ ಬಂದು, ಮಕ್ಕಳಿಗೆ ನೀಲಿ ಟೋಪಿ ಹಂಚಿ, “ಹಣ ನಿಮ್ಮ ಗೆಳೆಯ” ಎಂದು ಮೂರು ಸಲ ಕೂಗಿಸಿ, ಕೊನೆಗೆ ಕಾರ್ಡಿನ ಅರ್ಜಿಗಳನ್ನು ಹಂಚತೊಡಗಿದ. ಹಿಂದಿನ ಸಾಲಿನಲ್ಲಿ ಕೂತಿದ್ದ ಮೇಷ್ಟರು ಎದ್ದು ನಿಂತರು.

“ಗೆಳೆಯ ಅಂದ್ಮೇಲೆ ಬಡ್ಡಿ ಯಾಕಪ್ಪಾ?” ಎಂದರು.

ಯುವಕ ನಕ್ಕು ಪರದೆಯ ಮೇಲಿನ ಮುಂದಿನ ಚಿತ್ರಕ್ಕೆ ಹೋದ. ಚಿತ್ರದಲ್ಲಿ ಒಂದು ನಾಯಿಮರಿ ನಾಣ್ಯಗಳ ಮೇಲೆ ಮಲಗಿತ್ತು. ಮೇಷ್ಟರ ರಕ್ತ ಕುದಿಯಿತು. ಸಂಜೆ ಮುಖ್ಯೋಪಾಧ್ಯಾಯಿನಿಯವರ ಕೊಠಡಿಗೆ ನುಗ್ಗಿ, ಎಳೆಯ ಮಕ್ಕಳಿಗೆ ಸಾಲದ ಚಟ ಹತ್ತಿಸುವ ಈ ನಾಯಿಮರಿ ಶಿಕ್ಷಣವನ್ನು ಖಂಡಿಸಿ ಸುದೀರ್ಘವಾಗಿ ಮಾತನಾಡಿದರು. ಮುಖ್ಯೋಪಾಧ್ಯಾಯಿನಿ ಮಾತು ಮುಗಿಯುವವರೆಗೆ ಪಂಚಿಂಗ್ ಯಂತ್ರವನ್ನು ಬಿಚ್ಚಿ, ಒಳಗಿನ ಕಾಗದದ ಚೂರುಗಳನ್ನು ಕಸದ ಬುಟ್ಟಿಗೆ ಉದುರಿಸುತ್ತಿದ್ದರು.

“ಅಷ್ಟು ಉರಿ ಇದ್ರೆ ನೀವೇ ಕಲಿಸಿ. ಶುಕ್ರವಾರ ಕೊನೇ ಪೀರಿಯಡ್ಡು ಖಾಲಿ ಬಿದ್ದಿದೆ. ತಿಂಗಳ ಬಜೆಟ್ಟು, ಉಳಿತಾಯ, ಅದೇನು ಬೇಕೋ ಹೇಳ್ಕೊಡಿ. ನಾಯಿಮರಿ ಮಾತ್ರ ಬೇಡ.”

ಹೀಗೆ ಹತ್ತನೆಯ ತರಗತಿಯ ನಲವತ್ತೊಂದು ಮಕ್ಕಳಿಗೆ ಮನೆಯ ಬಜೆಟ್ಟು ಕಲಿಸುವ ಹೊಣೆ ಮೇಷ್ಟರ ಹೆಗಲಿಗೆ ಬಿತ್ತು. ಇಲ್ಲಿ ಓದುಗರಿಗೆ ಒಂದು ಸತ್ಯವನ್ನು ತಿಳಿಸದೆ ಮುಂದುವರಿಯುವುದು ಅಪ್ರಾಮಾಣಿಕವಾದೀತು: ಮೇಷ್ಟರು ತಮ್ಮ ಜೀವಮಾನದಲ್ಲಿ ಒಂದು ತಿಂಗಳೂ ಮನೆ ನಡೆಸಿದವರಲ್ಲ. ಔಷಧದಂಗಡಿಯಲ್ಲಿ ಕೌಂಟರು ನೋಡಿಕೊಳ್ಳುವ ಅವರ ಹೆಂಡತಿ ಮದುವೆಯಾದ ಎರಡನೆಯ ತಿಂಗಳಿಗೇ ಗಂಡನ ಪ್ರತಿಭೆಯನ್ನು ಅಳೆದು, ಸಂಬಳವನ್ನು ತನ್ನ ವಶಕ್ಕೆ ತೆಗೆದುಕೊಂಡಿದ್ದಳು. ಪ್ರತಿದಿನ ಬೆಳಿಗ್ಗೆ ಇಸ್ತ್ರಿಯಾದ ಅಂಗಿಯ ಜೇಬಿನಲ್ಲಿ ಬಸ್ಸಿಗೆ, ಎರಡು ಟೀಗೆ, ಮತ್ತು ‘ಎಲ್ಲಾದ್ರೂ ಕಳಕೊಂಡ್ರೆ’ ಎಂದು ಇನ್ನೊಂದು ಟೀಗೆ ಆಗುವಷ್ಟು ಚಿಲ್ಲರೆ ಇರುತ್ತಿತ್ತು. ಮೇಷ್ಟರ ಹಣಕಾಸು ಜ್ಞಾನದ ಗಡಿ ಆ ಜೇಬಿನ ಹೊಲಿಗೆ.

ಮೊದಲ ಶುಕ್ರವಾರವೇ ಅವರು ಒಂದು ಆಜ್ಞೆ ಹೊರಡಿಸಿದರು. ಪ್ರತಿಯೊಬ್ಬರೂ ರಟ್ಟಿನ ಹೊದಿಕೆಯ, ಕೆಂಪು ನೀಲಿ ಗೆರೆಗಳ, ಅಂಗಡಿಯವರು ಬಳಸುವಂಥ ಲೆಕ್ಕದ ಪುಸ್ತಕವನ್ನೇ ತರತಕ್ಕದ್ದು.

“ಅದಕ್ಕೆ ಇನ್ನೂರ ನಲವತ್ತು, ಸಾರ್” ಎಂದಳು ಹಿಂದಿನ ಬೆಂಚಿನ ಹುಡುಗಿ. ಲಾರಿ ಚಾಲಕನ ಮಗಳಾದ ಅವಳಿಗೆ ದಾರಿ ಬಿಡೆಂದು ಹಾರ್ನು ಹೊಡೆಯುವಂಥ ಗಂಟಲು. “ದುಡ್ಡು ಉಳಿಸೋದು ಕಲಿಯೋಕೆ ಇನ್ನೂರ ನಲವತ್ತು ಹೋಯ್ತಾ? ಹಳೇ ನೋಟ್‌ಬುಕ್ಕಲ್ಲಿ ಕಲಿತ್ರೆ ಆಗಲ್ವಾ?”

“ಲೆಕ್ಕಕ್ಕೆ ಒಂದು ಗೌರವ ಇದೆಯಮ್ಮಾ. ಮುಂದಿನ ವಾರ ಎಲ್ಲರ ಮುಂದೆಯೂ ಇರಬೇಕು.”

ಎರಡನೆಯ ಶುಕ್ರವಾರ ಅವರು ಕಪ್ಪುಹಲಗೆಯ ಮೇಲೆ ಮಾದರಿ ಬಜೆಟ್ಟೊಂದನ್ನು ಬರೆದರು. ಮನೆ ಬಾಡಿಗೆ ಎಂಟುನೂರು ಎಂದು ಬರೆದ ಕೂಡಲೇ ತರಗತಿಯ ಪೆನ್ನುಗಳೆಲ್ಲ ನಿಂತವು. ಆಮೇಲೆ ಯಾರೋ ಬಹಳ ವಿನಯದಿಂದ ಕೇಳಿದರು: “ಸಾರ್, ಆ ಮನೆ ಎಲ್ಲಿದೆ? ನಾವು ನಲವತ್ತೊಂದು ಜನಾನೂ ಬಂದ್ಬಿಡ್ತೀವಿ.”

ಅದು ಅವರು ಮದುವೆಯಾದ ಹೊಸತರಲ್ಲಿ ಕೇಳಿದ್ದ ಬಾಡಿಗೆ. ಮೇಷ್ಟರು ಡಸ್ಟರಿನಿಂದ ಅಂಕಿಯನ್ನು ಅಳಿಸಿ, “ಇದು ಮಾದರಿ ಮಾತ್ರ. ಬೆಲೆ ಮುಖ್ಯ ಅಲ್ಲ, ವಿಧಾನ ಮುಖ್ಯ” ಎಂದರು. ಬೆಲೆ ಮುಖ್ಯವಲ್ಲದ ಬಜೆಟ್ಟನ್ನು ಜಗತ್ತಿನಲ್ಲಿ ಮೊದಲ ಬಾರಿಗೆ ಬೋಧಿಸಿದ ಕೀರ್ತಿ ಅವರಿಗೇ ಸಲ್ಲಬೇಕು.

ಮೂರನೆಯ ಶುಕ್ರವಾರ ಅವರು ವಿಧಾನವನ್ನು ಬೋಧಿಸಿದರು. ಆ ನಿಯಮವನ್ನು ದಪ್ಪ ಅಕ್ಷರಗಳಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದರು: ‘ಪ್ರತಿಯೊಂದು ಬಾಬ್ತನ್ನೂ ಎದುರಿಗೆ ನಿಲ್ಲಿಸಿ ಕೇಳಿರಿ. ನೀನು ಗಳಿಸುವೆಯಾ, ಕೇವಲ ತಿನ್ನುವೆಯಾ? ಕೇವಲ ತಿನ್ನುವ ಬಾಬ್ತನ್ನು ಮುಲಾಜಿಲ್ಲದೆ ಹೊಡೆದುಹಾಕಿರಿ.’

“ಹಂಗಾದ್ರೆ ನಮ್ಮ ಚಿಕ್ಕಪ್ಪನ್ನ ಹೊಡೆದು ಹಾಕ್ಬೇಕಾಗುತ್ತೆ, ಸಾರ್” ಎಂದಳು ಹಿಂದಿನ ಬೆಂಚಿನವಳು. “ಎರಡು ವರ್ಷದಿಂದ ತಿನ್ನೋದೊಂದೇ.”

ತರಗತಿ ಗೊಳ್ಳೆಂದಿತು. ಮನುಷ್ಯರು ಬಾಬ್ತುಗಳಲ್ಲ ಎಂದು ಹೇಳಲು ಮೇಷ್ಟರಿಗೆ ಒದಗಿದ್ದ ಅವಕಾಶ ಅದೊಂದೇ. ಅವರು ಅದನ್ನು ಬಳಸಿಕೊಳ್ಳಲಿಲ್ಲ. “ತಲೆಹರಟೆ ಸಾಕು. ಮುಂದಿನ ವಾರ ನಿಮ್ಮ ನಿಮ್ಮ ಮನೆಯ ನಿಜವಾದ ಬಜೆಟ್ಟು ಬರೆದು ತನ್ನಿ. ಮೊತ್ತ ಸರಿ ಬರಬೇಕು, ಅಷ್ಟೆ” ಎಂದರು.

ಮುಂದಿನ ಬೆಂಚಿನಲ್ಲಿ ಒಬ್ಬಳು ಆ ನಿಯಮವನ್ನು ಅಕ್ಷರ ಬಿಡದೆ ಬರೆದುಕೊಂಡಳು. ಅವಳನ್ನು ಎಲ್ಲರೂ ‘ಅಡಿಪಟ್ಟಿ’ ಎಂದು ಕರೆಯುತ್ತಿದ್ದರು. ತನ್ನ ಹೆಸರಿನ ಕೆಳಗೂ ಪಟ್ಟಿ ಇಟ್ಟೇ ಗೆರೆ ಎಳೆಯುವ ಹುಡುಗಿ. ಹೇಳಿದ್ದನ್ನು ಹೇಳಿದಂತೆ ಮಾಡುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ನಮ್ಮ ಶಾಲೆಗಳು ಇಂಥ ಮಕ್ಕಳನ್ನು ಕಂಡರೆ ಹಿಗ್ಗುತ್ತವೆ. ಹೇಳಿದ್ದೇ ತಪ್ಪಾಗಿದ್ದರೆ ಆ ಮಕ್ಕಳ ಗತಿಯೇನು ಎಂದು ಯಾವ ಶಾಲೆಯೂ ಯೋಚಿಸಿದ್ದಿಲ್ಲ.

ನಲವತ್ತೊಂದು ಪುಸ್ತಕಗಳನ್ನು ಮೇಷ್ಟರು ಮನೆಗೆ ಹೊತ್ತು ತಂದು ಭಾನುವಾರವಿಡೀ ತಿದ್ದಿದರು. ಅವರ ತಿದ್ದುವ ಕ್ರಮ ಇಪ್ಪತ್ತೊಂಬತ್ತು ವರ್ಷಗಳಲ್ಲಿ ಕಲ್ಲಾಗಿತ್ತು. ಕಣ್ಣು ನೇರವಾಗಿ ಕಡೆಯ ಸಾಲಿಗೆ ಇಳಿಯುತ್ತಿತ್ತು; ಮೊತ್ತವನ್ನು ಕೆಳಗಿನಿಂದ ಮೇಲಕ್ಕೆ ಕೂಡುತ್ತ ಹೋಗಿ, ಸರಿಬಂದರೆ ಕೆಂಪು ಗುರುತು, ತಪ್ಪಿದರೆ ಕೆಂಪು ಸುತ್ತು. ಅಂಕಿಗಳ ಪಕ್ಕದಲ್ಲಿ ಬರೆದಿರುವ ಪದಗಳು ಅವರ ಪಾಲಿಗೆ ಅಂಚಿನ ಅಲಂಕಾರ. ಅಡಿಪಟ್ಟಿಯ ಪುಟದಲ್ಲಿ ಒಂದು ಗೆರೆಯೂ ಓರೆಯಾಗಿರಲಿಲ್ಲ. ಅದರ ಕೆಳಗೆ ಅವರು ಹತ್ತಕ್ಕೆ ಹತ್ತು ಹಾಕಿ, ಪ್ರೀತಿ ಉಕ್ಕಿ, ಕೈಯಾರೆ ಬರೆದರು: ‘ಮೊತ್ತ ಸರಿಯಿದೆ. ಅತ್ಯುತ್ತಮ. ಇದೇ ದಾರಿಯಲ್ಲಿ ಮುಂದುವರಿ.’

ಅವಳು ಮುಂದುವರಿದಳು.

ಶುಕ್ರವಾರ ಮಧ್ಯಾಹ್ನ ಮುಖ್ಯೋಪಾಧ್ಯಾಯಿನಿ ಮೇಷ್ಟರನ್ನು ಕರೆಸಿದರು. ಮೇಜಿನ ಮೇಲೆ ಶಾಲೆ ಬಿಡುವ ಅರ್ಜಿ ಇತ್ತು. ಅದಕ್ಕೆ ಪಿನ್ನು ಚುಚ್ಚಿ, ಲೆಕ್ಕದ ಪುಸ್ತಕದಿಂದ ಅಂದವಾಗಿ ಕತ್ತರಿಸಿದ ಪುಟವೊಂದನ್ನು ಲಗತ್ತಿಸಲಾಗಿತ್ತು.

“ಸೋಮವಾರದಿಂದ ಶೂ ಅಂಗಡೀಲಿ ಕೆಲಸಕ್ಕೆ ಸೇರ್ತಾಳಂತೆ. ಕಾರಣ ಓದಿ” ಎಂದರು ಮುಖ್ಯೋಪಾಧ್ಯಾಯಿನಿ.

ಮೇಷ್ಟರು ಓದಿದರು: ‘ಲಗತ್ತಿಸಿದ ಬಜೆಟ್ಟನ್ನು ಗುರುಗಳು ಪರಿಶೀಲಿಸಿ ಒಪ್ಪಿರುತ್ತಾರೆ.’

ಆಗ ಅವರು ಆ ಪುಟವನ್ನು ಮೊದಲ ಬಾರಿಗೆ ಮೇಲಿನಿಂದ ಕೆಳಕ್ಕೆ ಓದಿದರು. ಆದಾಯ, ಅಮ್ಮನ ಸಂಬಳ: ಹನ್ನೆರಡು ಸಾವಿರ. ಖರ್ಚು: ಬಾಡಿಗೆ ಐದು ಸಾವಿರ, ದಿನಸಿ ನಾಲ್ಕು ಸಾವಿರದ ಇನ್ನೂರು, ದೀಪ ನೀರು ಗ್ಯಾಸು ಸಾವಿರದ ನೂರು, ಅಮ್ಮನ ಬಸ್ಸು ಆರುನೂರು, ಅಜ್ಜಿಯ ಔಷಧಿ ಏಳುನೂರು. ಆಮೇಲೆ ‘ನಾನು’ ಎಂಬ ಬಾಬ್ತು. ನನ್ನ ಬಸ್ಸು ನಾನೂರೈವತ್ತು, ಶಾಲೆಯ ಶುಲ್ಕ ಆರುನೂರು, ಪೆನ್ನು ಕಾಗದ ನೂರನಲವತ್ತು, ಬಜೆಟ್ಟು ಕಲಿಯುವ ಪುಸ್ತಕ ಇನ್ನೂರ ನಲವತ್ತು. ಒಟ್ಟು ಖರ್ಚು ಹದಿಮೂರು ಸಾವಿರದ ಮೂವತ್ತು, ಕೊರತೆ ಸಾವಿರದ ಮೂವತ್ತು. ಕೊರತೆಯ ಎದುರು ಸಣ್ಣ ಅಕ್ಷರಗಳಲ್ಲಿ, ‘ಅಮ್ಮ ಎಲ್ಲಿಂದ ತರುತ್ತಾಳೋ ಗೊತ್ತಿಲ್ಲ. ಸಾಲ ಇರಬಹುದು.’ ‘ನಾನು’ ಎಂಬ ಬಾಬ್ತಿನ ಮೇಲೆ ಪಟ್ಟಿ ಇಟ್ಟು ನೇರವಾಗಿ ಎಳೆದ ಒಂದು ಗೆರೆ. ಟಿಪ್ಪಣಿ: ‘ಇದು ಗಳಿಸುವುದಿಲ್ಲ, ಕೇವಲ ತಿನ್ನುತ್ತದೆ.’ ಅಷ್ಟರ ನಂತರ, ಶೂ ಅಂಗಡಿಯ ಆರು ಸಾವಿರ ಕೂಡಿ, ತಿಂಗಳ ಉಳಿತಾಯ ಆರು ಸಾವಿರದ ನಾನೂರು. ಅದರ ಕೆಳಗೆ ಮೇಷ್ಟರ ಕೆಂಪು ಶಾಯಿ.

“ಮೊತ್ತ ಸರಿಯಿದೆ” ಎಂದು ಮುಖ್ಯೋಪಾಧ್ಯಾಯಿನಿ ಅವರ ಅಕ್ಷರವನ್ನು ಗಟ್ಟಿಯಾಗಿ ಓದಿದರು. “ನಾಯಿಮರಿನೇ ವಾಸಿಯಿತ್ತು, ಮೇಷ್ಟ್ರೇ.”

“ತಾಯಿ ಸಹಿ ಇದೆಯಲ್ಲ?”

“ಇದೆ. ಅದಕ್ಕೇ ನಾನು ತಡೆಯೋಕಾಗಲ್ಲ. ಸೋಮವಾರ ಹತ್ತು ಗಂಟೆಗೆ ಮುದ್ರೆ ಒತ್ತಬೇಕು. ಅಷ್ಟರೊಳಗೆ ಅವಳೇ ವಾಪಸ್ ತಗೊಂಡ್ರೆ ತಗೊಂಡ ಹಾಗೆ.”

ಶನಿವಾರ ಮಧ್ಯಾಹ್ನ ಮೇಷ್ಟರು ಜೇಬಿನ ಮೂರನೆಯ ಟೀಯ ಚಿಲ್ಲರೆಯನ್ನು ಬಸ್ಸಿಗೆ ಹಾಕಿ ಹುಡುಗಿಯ ಮನೆ ಹುಡುಕಿಕೊಂಡು ಹೋದರು. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆಗಳು. ಮೆಟ್ಟಿಲ ಕಂಬಿಗೆ ಎಣ್ಣೆಯ ಕೈಗುರುತು. ಒಳಗೆ ಮಡಿಸಿದ ಮಂಚ, ಗೋಡೆಗೆ ಒರಗಿಸಿದ ಇಸ್ತ್ರಿ ಹಲಗೆ, ಕಿಟಕಿಯ ಪಕ್ಕ ಕುರ್ಚಿಯಲ್ಲಿ ಅಜ್ಜಿ. ಹುಡುಗಿ ಸಮವಸ್ತ್ರವನ್ನು ಒಗೆದು, ಮಡಿಸಿ, ಮಾರಲು ಕಟ್ಟಿಟ್ಟಿದ್ದಳು. ಅದರ ಮೇಲೆ ಬೆಲೆಯ ಚೀಟಿಯೂ ಇತ್ತು.

“ಅಮ್ಮ ಎಲ್ಲಿ?”

“ಲಾಂಡ್ರೀಲಿ ಓವರ್‌ಟೈಮು, ಸಾರ್. ಶನಿವಾರ ಯಾವಾಗ್ಲೂ ಓವರ್‌ಟೈಮು.”

ಕುರ್ಚಿಯಿಂದ ಅಜ್ಜಿ ಸಣ್ಣಗೆ ಕೆಮ್ಮಿದರು. ಅದು ಕೆಮ್ಮಿನಂತೆ ಕೇಳಿಸಲಿಲ್ಲ.

“ಅರ್ಜಿಗೆ ಅಮ್ಮನೇ ಸಹಿ ಹಾಕಿದ್ರಾ?”

“ಹಾಕಿದ್ರು. ಓದ್ಲಿಲ್ಲ. ಅಮ್ಮ ಸ್ಕೂಲಿನ ಯಾವ ಕಾಗದಾನೂ ಓದಲ್ಲ, ಒಂದು ಕೈಲಿ ಇಸ್ತ್ರಿ, ಒಂದು ಕೈಲಿ ಸಹಿ.”

“ನೋಡಮ್ಮ” ಎನ್ನುತ್ತ ಮೇಷ್ಟರು ನೆಲದ ಮೇಲೆ ಕೂತರು. “ನೀನು ಮಾಡಿರೋದು ತಪ್ಪು.”

“ಎಲ್ಲಿ ತಪ್ಪು?” ಹುಡುಗಿ ಪುಸ್ತಕ ತಂದು ಅವರ ತೊಡೆಯ ಮೇಲಿಟ್ಟಳು. ಕತ್ತರಿಸಿದ ಪುಟದ ಇನ್ನೊಂದು ಪ್ರತಿಯನ್ನೂ, ಮೇಷ್ಟರ ಹತ್ತಕ್ಕೆ ಹತ್ತರ ಸಮೇತ, ಅವಳು ಬರೆದಿಟ್ಟುಕೊಂಡಿದ್ದಳು. “ಯಾವ ಸಾಲಲ್ಲಿ ತಪ್ಪಿದೆ ತೋರಿಸಿ, ಸಾರ್. ತಿದ್ದಿಕೊಳ್ತೀನಿ.”

ಅವಳ ದನಿಯಲ್ಲಿ ಕೊಂಕಿರಲಿಲ್ಲ. ಮೇಷ್ಟರಿಗೆ ಅದೇ ಸಹಿಸಲಾಗಲಿಲ್ಲ. ಅವರು ಕನ್ನಡಕ ಏರಿಸಿ ಮೇಲಿನಿಂದ ಕೂಡಿದರು, ಕೆಳಗಿನಿಂದ ಕೂಡಿದರು. ಜೀವಮಾನದಲ್ಲಿ ಮೊದಲ ಬಾರಿಗೆ, ಒಬ್ಬ ವಿದ್ಯಾರ್ಥಿ ಒಂದೇ ಒಂದು ಕೂಡುವ ತಪ್ಪು ಮಾಡಿರಲಿ ಎಂದು ಅವರ ಮನಸ್ಸು ಹಾತೊರೆಯಿತು. ಮೊತ್ತ ಸರಿಯಿತ್ತು.

“ನೀನು ಬಾಬ್ತಲ್ಲ” ಎಂದರು ಕೊನೆಗೆ.

“ಮತ್ತೇನು, ಸಾರ್? ನಾನು ತಿನ್ನಲ್ವಾ?”

ಅಷ್ಟರಲ್ಲಿ ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳವಾಯಿತು. ಒಳಬಂದ ತಾಯಿ ನಲವತ್ತರ ಆಸುಪಾಸಿನ, ಅಗಲ ಭುಜದ ಹೆಂಗಸು. ಬಗಲಲ್ಲಿ ಚೀಲ, ತಲೆಗೂದಲು ಒದ್ದೆ. ಹೋಟೆಲಿನ ಲಾಂಡ್ರಿಯಲ್ಲಿ ಹಗಲಿಡೀ ಹಬೆಯ ನಡುವೆ ನಿಲ್ಲುವವರ ಕೂದಲು ಒದ್ದೆಯಾಗದೆ ಇನ್ನೇನಾಗುತ್ತದೆಂದು ಮೇಷ್ಟರು ಮರುಗಿದರು. ಎದ್ದು ನಿಂತು, ಯಾವುದನ್ನೂ ಮುಚ್ಚಿಡದೆ, ತಮ್ಮ ಹತ್ತಕ್ಕೆ ಹತ್ತನ್ನೂ ಸೇರಿಸಿ, ನಡೆದದ್ದನ್ನೆಲ್ಲ ಹೇಳಿದರು.

ತಾಯಿ ಚೀಲವನ್ನು ಕೆಳಗಿಡಲಿಲ್ಲ. “ಅದು ಪ್ರವಾಸದ ಕಾಗದ ಅಂದ್ಕೊಂಡಿದ್ದೆ” ಎಂದಳು. ಮಗಳತ್ತ ತಿರುಗಿದಳು. “ಯಾರೇ ನಿನ್ನ ಹೊಡೆದು ಹಾಕು ಅಂದಿದ್ದು?”

“ನಿಯಮ” ಎಂದಳು ಹುಡುಗಿ. “ನೀನು ಸಾಲ ಮಾಡಿ ನನ್ನ ಓದಿಸ್ತಿದ್ದೀಯ. ತಿಂಗಳಿಗೆ ಸಾವಿರದ ಮೂವತ್ತು. ಕೇಳಿದಾಗೆಲ್ಲ ‘ಹೇಗೋ ಆಗುತ್ತೆ ಬಿಡು’ ಅಂತೀಯ. ಹೇಗೋ ಅಂತ ಬಜೆಟ್ಟಲ್ಲಿ ಬಾಬ್ತೇ ಇಲ್ಲ.”

ತಾಯಿ ಪುಸ್ತಕವನ್ನು ಎತ್ತಿಕೊಂಡಳು. ಅವಳ ಕಣ್ಣು ಮೊದಲ ಸಾಲಿನಲ್ಲೇ ನಿಂತಿತು. ಹೆಬ್ಬೆರಳು ಮೆಲ್ಲಗೆ ಸರಿದು ಹನ್ನೆರಡು ಸಾವಿರವನ್ನು ಮುಚ್ಚಿತು. ಇಪ್ಪತ್ತೊಂಬತ್ತು ವರ್ಷ ಪರೀಕ್ಷೆಯ ಕೊಠಡಿಗಳಲ್ಲಿ ಕಾವಲು ನಿಂತ ಮೇಷ್ಟರಿಗೆ, ಉತ್ತರ ಮುಚ್ಚುವ ಬೆರಳಿನ ಪರಿಚಯ ಚೆನ್ನಾಗಿತ್ತು.

“ಆ ಅಂಕಿ ಸರಿಯಾಗಿದೆಯಾ, ಅಮ್ಮಾ?”

“ಅದೇನು ಕೇಳೋ ಮಾತಾ, ಸಾರ್? ಸಂಬಳ ಎಷ್ಟು ಅಂತ ಯಾರಾದ್ರೂ ಮಕ್ಕಳ ಮುಂದೆ ಹೇಳ್ತಾರಾ? ನೀವು ಹೇಳಿದೀರಾ? ಎಲ್ಲಿ, ಮೊದ್ಲು ನಿಮ್ಮದು ಹೇಳಿ.”

ಮೇಷ್ಟರು ಬಾಯಿ ತೆರೆದರು. ಒಳಗಿನಿಂದ ಯಾವ ಅಂಕಿಯೂ ಹೊರಡಲಿಲ್ಲ.

“ಹೇಳೋಕೆ ನಾಚಿಕೆನಾ?” ಎಂದಳು ತಾಯಿ.

“ನಾಚಿಕೆ ಅಲ್ಲ. ಗೊತ್ತಿಲ್ಲ.”

ಅಜ್ಜಿ ಕುರ್ಚಿಯಲ್ಲಿ ಮುಂದಕ್ಕೆ ವಾಲಿದರು. ಹುಡುಗಿ ಮೊದಲ ಬಾರಿಗೆ ಗುರುಗಳನ್ನು ಸಂಶಯದಿಂದ ನೋಡಿದಳು. ಆ ನೋಟ ತಾಳಲಾರದೆ ಮೇಷ್ಟರು ಫೋನು ತೆಗೆದು, ಎಲ್ಲರಿಗೂ ಕೇಳಿಸುವಂತೆ ಗುಂಡಿ ಒತ್ತಿ, ಔಷಧದಂಗಡಿಗೆ ಕರೆ ಮಾಡಿದರು.

“ಏನು, ಬಸ್ಸಿನ ಚಿಲ್ಲರೆ ಕಳಕೊಂಡ್ರಾ?” ಎಂದಿತು ಹೆಂಡತಿಯ ದನಿ.

“ಅಲ್ಲ. ನನ್ನ ಸಂಬಳ ಎಷ್ಟು?”

ಆ ಕಡೆ ಮಾತ್ರೆಯ ಹಾಳೆ ಕತ್ತರಿಸುವ ಸದ್ದು ನಿಂತಿತು. “ಇಪ್ಪತ್ತೊಂಬತ್ತು ವರ್ಷ ಆದ್ಮೇಲೆ ಜ್ಞಾನೋದಯ ಆಯ್ತಾ? ಮೂವತ್ತೆಂಟು ಸಾವಿರದ ಆರುನೂರು. ಕಡಿತ ಎಲ್ಲ ಹೋಗಿ. ಯಾಕೆ, ಯಾರಿಗಾದ್ರೂ ಜಾಮೀನು ನಿಲ್ತಿದೀರಾ? ನಿಂತ್ರೆ ಮನೆಗೆ ಬರ್ಬೇಡಿ.”

“ಬಜೆಟ್ಟು ಕಲಿಸ್ತಿದೀನಿ.”

“ನೀವಾ?” ಎಂದಿತು ದನಿ. ಆಮೇಲೆ ಕೌಂಟರಿನಲ್ಲಿದ್ದ ಯಾರಿಗೋ ವಿಷಯ ಹೇಳುತ್ತಿರುವುದೂ, ಇಬ್ಬರು ನಗುವುದೂ ಸ್ಪಷ್ಟವಾಗಿ ಕೇಳಿಸಿತು. ಕರೆ ಕಡಿದುಹೋಯಿತು.

ತಾಯಿ ಸೆರಗಿನಿಂದಲ್ಲ, ಚೀಲದಿಂದ ಇಣುಕುತ್ತಿದ್ದ ಟವೆಲಿನಿಂದ ಕಣ್ಣೊರೆಸಿಕೊಂಡಳು, ಅಷ್ಟು ನಕ್ಕಿದ್ದಳು. ಆ ಟವೆಲ್ಲೂ ಒದ್ದೆಯಾಗಿತ್ತು. ನಗು ಇಳಿದ ಮೇಲೆ ಕುಸಿದಂತೆ ನೆಲದ ಮೇಲೆ ಕೂತಳು.

“ಹದಿನಾಲ್ಕೂವರೆ” ಎಂದಳು. “ಸಂಬಳ ಹನ್ನೆರಡೇ. ಕಲೆ ತೆಗೆಯೋ ಕೆಲಸಕ್ಕೆ ಬೇರೆ ಎರಡೂವರೆ ಸಾವಿರ ಕೊಡ್ತಾರೆ. ವೈನು, ಶಾಯಿ, ರಕ್ತ, ಏನು ಬಿದ್ರೂ ನಾನು ತೆಗೀತೀನಿ. ಅದನ್ನ ಮನೇಲಿ ಹೇಳಿರ್ಲಿಲ್ಲ. ಹೇಳಿದ್ರೆ ಕೇಳೋರು ಜಾಸ್ತಿ ಆಗ್ತಾರೆ ಅಂತ. ಕೊರತೆನೂ ಅದ್ರಲ್ಲೇ ತುಂಬೋದು. ಸಾಲ ಗೀಲ ಏನಿಲ್ಲ.”

ಹುಡುಗಿ ಆಗಲೇ ಪೆನ್ಸಿಲು ಹಿಡಿದಿದ್ದಳು. “ಎರಡೂವರೆ ಸಾವಿರದಲ್ಲಿ ಸಾವಿರದ ಮೂವತ್ತು ಹೋದ್ರೆ ಸಾವಿರದ ನಾನೂರ ಎಪ್ಪತ್ತು. ಅದೆಲ್ಲಿ?”

ತಾಯಿ ಅಜ್ಜಿಯತ್ತ ನೋಡಿದಳು.

“ನನ್ನ ಯಾಕೆ ನೋಡ್ತೀಯ?” ಎಂದರು ಅಜ್ಜಿ. “ಆರು ತಿಂಗಳಿಂದ ಒದ್ದೆ ಟವೆಲ್ ಒಣಗಿಸ್ತಿರೋದು ನಾನು. ಹೇಳು, ನಾಚಿಕೊಳ್ಳೋ ವಯಸ್ಸಾ ನಿಂದು?”

“ಈಜು ಕಲೀತಿದ್ದೀನಿ” ಎಂದಳು ತಾಯಿ ಗೋಡೆಗೆ. “ಶನಿವಾರ. ಸಾರ್ವಜನಿಕ ಕೊಳದಲ್ಲಿ. ತಿಂಗಳಿಗೆ ಒಂಬೈನೂರು.”

ಕೆಳಗೆ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು.

“ಉಳಿದ ಐನೂರ ಎಪ್ಪತ್ತು?” ಎಂದಳು ಹುಡುಗಿ.

“ಈಜಿದ ಮೇಲೆ ಹಸಿವಾಗುತ್ತೆ ಕಣೇ. ಬನ್ನು ತಿಂತೀನಿ.”

“ಐನೂರ ಎಪ್ಪತ್ತಕ್ಕೆ ಬನ್ನಾ?”

“ಒಳಗೆ ಕೆನೆ ಇರುತ್ತೆ. ಈಜು ಕಲಿಸೋ ಹೆಂಗಸಿಗೂ ಕೊಡಿಸ್ತೀನಿ, ಇಲ್ದಿದ್ರೆ ನೀರಲ್ಲಿ ಬಿಟ್ಟುಬಿಡ್ತಾಳೆ. ಕೆಲವು ಸಲ ನನಗೆ ಎರಡು.”

ಹುಡುಗಿಯ ಮುಖ ಕೆಂಪೇರಿತು. ಪೆನ್ಸಿಲನ್ನು ನೆಲಕ್ಕೆ ಕುಕ್ಕಿದಳು. “ನಾನು ದಿನಾ ನಡೆದು ಬರ್ತೀನಿ. ಬಸ್ಸಿನ ದುಡ್ಡನ್ನ ವಾಪಸ್ ನಿನ್ನ ಪರ್ಸಿಗೆ ಹಾಕ್ತೀನಿ. ಮೂರು ತಿಂಗಳಿಂದ. ನೀನು ಸಾಲದಲ್ಲಿದ್ದೀಯ ಅಂತ.”

ತಾಯಿ ಬಾಯಿ ಮೇಲೆ ಕೈ ಇಟ್ಟುಕೊಂಡಳು. “ಅದು ನೀನಾ? ಪರ್ಸಲ್ಲಿ ಚಿಲ್ಲರೆ ಮುಗೀತಾನೇ ಇರ್ಲಿಲ್ಲ. ನಾನೇ ಎಣಿಸೋಕೆ ಮರೆತೆ ಅಂದ್ಕೊಂಡೆ.” ಸತ್ಯ ಹೇಳುವ ದಿನ ಹೇಗೂ ಬಂದಿದೆ ಎಂಬಂತೆ ಸೇರಿಸಿದಳು: “ಎರಡನೇ ಬನ್ನು ಅದ್ರಲ್ಲೇ ತಿಂದೆ.”

ಮೇಷ್ಟರು ಹಣೆ ಹಿಡಿದುಕೊಂಡರು. ತಾಯಿ ಆದಾಯದಲ್ಲಿ ಸುಳ್ಳು ಬರೆಸಿದ್ದಳು, ಮಗಳು ಬಸ್ಸಿನ ಬಾಬ್ತಿನಲ್ಲಿ. ಇಬ್ಬರೂ ಒಬ್ಬರನ್ನೊಬ್ಬರು ಕಾಪಾಡುವ ಭರದಲ್ಲಿ ಒಂದೇ ಪರ್ಸಿಗೆ ಎರಡು ಕಡೆಯಿಂದ ಕೈ ಹಾಕುತ್ತಿದ್ದರು. ಎರಡು ಸುಳ್ಳುಗಳ ಮೇಲೆ ನಿಂತ ಮೊತ್ತ ಸರಿಯಿತ್ತು, ಅದಕ್ಕೆ ಒಬ್ಬ ಮೂರ್ಖ ಹತ್ತು ಅಂಕ ಕೊಟ್ಟಿದ್ದ.

“ಹಂಗಾದ್ರೆ ಈಜು ಹೊಡೆದು ಹಾಕು” ಎಂದಳು ಹುಡುಗಿ. “ಗಳಿಸಲ್ಲ, ಕೇವಲ ತಿನ್ನುತ್ತೆ. ಅಕ್ಷರಶಃ ತಿನ್ನುತ್ತೆ. ಅಲ್ವಾ ಸಾರ್?”

ಮೂವರೂ ಮೇಷ್ಟರತ್ತ ನೋಡಿದರು. ಅವರ ನಾಲಗೆಯ ತುದಿಯಲ್ಲಿ ‘ಹೌದು’ ಸಿದ್ಧವಾಗಿತ್ತು. ಇಪ್ಪತ್ತೊಂಬತ್ತು ವರ್ಷಗಳ ಅಭ್ಯಾಸ ಅದನ್ನು ಹಿಂದಿನಿಂದ ತಳ್ಳುತ್ತಿತ್ತು. ತಾಯಿ ತೊಡೆಯ ಮೇಲಿದ್ದ ಒದ್ದೆ ಟವೆಲನ್ನು ಗಿರಾಕಿಯ ಬಟ್ಟೆಯಂತೆ ಅಂಚಿಗೆ ಅಂಚು ಸೇರಿಸಿ ಮಡಿಸತೊಡಗಿದಳು. ಉಗಿ ತಗುಲಿ ಬೆಂದ ಆ ಬೆರಳುಗಳನ್ನು ಮೇಷ್ಟರು ನೋಡಿದರು.

“ನಿಯಮ ತಪ್ಪು” ಎಂದರು. ಆ ಮಾತು ಹೊರಬರಲು ಹಲ್ಲು ಕಿತ್ತಷ್ಟು ಕಷ್ಟವಾಯಿತು. “ಲೆಕ್ಕ ಸರಿಯಿತ್ತು. ನಿಯಮ ನಂದು, ಅದು ತಪ್ಪು. ದುಡಿಯೋರು ದುಡಿಯೋದೇ ತಿನ್ನೋ ಬಾಬ್ತುಗಳಿಗೋಸ್ಕರ. ಅವನ್ನೆಲ್ಲ ಹೊಡೆದು ಹಾಕಿದ್ರೆ ಉಳಿಯೋದು ಬಾಡಿಗೆ ಒಂದೇ. ನಿನ್ನನ್ನೂ ಹೊಡೆಯೋ ಹಾಗಿಲ್ಲ, ಈಜನ್ನೂ ಹೊಡೆಯೋ ಹಾಗಿಲ್ಲ. ಮೊದ್ಲು ನಿಜವಾದ ಅಂಕಿ ಬರಿ. ಆಮೇಲೆ ಎಲ್ಲರೂ ಕೂತು ಜಗಳ ಆಡಿ. ಅದೇ ಬಜೆಟ್ಟು.”

“ಎಷ್ಟು ದೂರ ಈಜ್ತೀಯ?” ಎಂದು ಹುಡುಗಿ ತಾಯಿಯನ್ನು ಕೇಳಿದಳು. ದನಿ ಇನ್ನೂ ಬಿಗಿಯಾಗಿತ್ತು.

“ಅರ್ಧ ಕೊಳ. ಆಮೇಲೆ ಕಂಬಿ ಹಿಡ್ಕೋತೀನಿ.”

“ಆರು ತಿಂಗಳಿಗೆ ಅರ್ಧ ಕೊಳನಾ?”

“ನೀನು ಹತ್ತು ವರ್ಷದಿಂದ ಸ್ಕೂಲಿಗೆ ಹೋಗ್ತಿದೀಯ, ನಾನು ಕೇಳಿದ್ನಾ ಎಲ್ಲಿಗೆ ಮುಟ್ಟಿದೆ ಅಂತ?”

ಅಜ್ಜಿ ಮತ್ತೆ ಕೆಮ್ಮಿದರು. ಈ ಸಲ ಅದು ಖಂಡಿತವಾಗಿ ನಗು. ಹುಡುಗಿ ತುಟಿ ಕಚ್ಚಿಕೊಂಡು ಹೊಸ ಪುಟ ತೆರೆದಳು. ಆದಾಯ ಹದಿನಾಲ್ಕು ಸಾವಿರದ ಐನೂರು. ಹಳೆಯ ಖರ್ಚುಗಳು ಹಾಗೆಯೇ ಇಳಿದವು. ‘ನಾನು’ ಎಂಬ ಪದದ ಬದಲು ‘ನನ್ನ ಓದು’ ಎಂದು ಬರೆದಳು: ಬಸ್ಸು, ಶುಲ್ಕ, ಪೆನ್ನು ಸೇರಿ ಸಾವಿರದ ನೂರ ತೊಂಬತ್ತು. ಲೆಕ್ಕದ ಪುಸ್ತಕ ಮುಂದಿನ ತಿಂಗಳಿಗಿಲ್ಲ ಎಂದು ಮೇಷ್ಟರತ್ತ ನೋಡದೆಯೇ ಹೇಳಿದಳು. ಈಜು ಒಂಬೈನೂರು ನಿಂತಿತು. ಬನ್ನಿಗಾಗಿ ಅರ್ಧ ಗಂಟೆ ಚೌಕಾಸಿ ನಡೆಯಿತು. ತಾಯಿ ನಾನೂರಕ್ಕೆ ಪಟ್ಟು ಹಿಡಿದಳು, ಮಗಳು ಇನ್ನೂರಕ್ಕಿಂತ ಮೇಲೇರಲಿಲ್ಲ; ಕೊನೆಗೆ ಇನ್ನೂರೇ ಗೆದ್ದಿತು.

“ಉಳಿತಾಯ ಆರುನೂರ ಹತ್ತು” ಎಂದು ಹುಡುಗಿ ಗೆರೆ ಎಳೆದಳು.

“ನನಗೂ ಒಂದು ಬಾಬ್ತು ಬರಿ” ಎಂದರು ಅಜ್ಜಿ. “ಔಷಧಿ ಬಿಟ್ಟು ಬೇರೆ ಏನಾದ್ರೂ. ಏನು ಅಂತ ಆಮೇಲೆ ಹೇಳ್ತೀನಿ, ನೂರು ಹಾಕು.”

ಹುಡುಗಿ ಐನೂರ ಹತ್ತು ಎಂದು ತಿದ್ದಿದಳು. ಆಮೇಲೆ ಹಳೆಯ ಪುಟವನ್ನು ತೋರಿಸಿ ಕೇಳಿದಳು: “ಇದಕ್ಕೆ ಈಗ ಎಷ್ಟು ಮಾರ್ಕು, ಸಾರ್?”

“ನಿನಗಾ, ನನಗಾ?” ಎಂದರು ಮೇಷ್ಟರು. ಅವರು ಕೆಂಪು ಪೆನ್ನು ತೆಗೆದು ಹತ್ತನ್ನು ಹೊಡೆದು, ಪಕ್ಕದಲ್ಲಿ ಏನನ್ನೂ ಬರೆಯದೆ ಪೆನ್ನು ಮುಚ್ಚಿದರು.

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಐದು ನಿಮಿಷವಿರುವಾಗ ಅಡಿಪಟ್ಟಿ ಮುಖ್ಯೋಪಾಧ್ಯಾಯಿನಿಯವರ ಕೊಠಡಿಗೆ ಹೋಗಿ ಅರ್ಜಿಯನ್ನು ವಾಪಸ್ ಪಡೆದಳು; ಪಿನ್ನನ್ನೂ ಬಿಡದೆ ತೆಗೆದುಕೊಂಡಳು. ಅವಳು ಬಸ್ಸಿನಲ್ಲಿ ಬಂದಿದ್ದಳು. ಮೇಷ್ಟರು ಶುಕ್ರವಾರದ ತನಕ ಕಾಯಲಿಲ್ಲ. ಭಾಗಾಕಾರದ ಪಾಠ ಬದಿಗಿಟ್ಟು, ಹೆಂಡತಿಯಿಂದ ಲಿಖಿತ ಅನುಮತಿ ಪಡೆದ ಮೂವತ್ತೆಂಟು ಸಾವಿರದ ಆರುನೂರನ್ನು ಹಲಗೆಯ ಮೇಲೆ ಬರೆದರು.

“ಇದು ನನ್ನ ಸಂಬಳ. ಇದರಲ್ಲಿ ಬಾಡಿಗೆ ಎಷ್ಟು, ತರಕಾರಿ ಎಷ್ಟು ಅಂತ ನನಗೆ ಗೊತ್ತಿಲ್ಲ. ಈ ವಾರ ಮನೇಲಿ ಕೇಳಿ ಕಲೀತೀನಿ. ನೀವೂ ಕೇಳ್ಕೊಂಡು ಬನ್ನಿ.”

“ಮನೇಲಿ ಹೇಳ್ದೇ ಇದ್ರೆ, ಸಾರ್?” ಎಂದಿತು ಹಿಂದಿನ ಬೆಂಚು.

ಆ ಪ್ರಶ್ನೆಗೆ ಉತ್ತರ ಇರುವುದು ನಿಮ್ಮ ಬಳಿ. ಆದ್ದರಿಂದ, ಮಹಾಶಯರೇ, ಮಹಾಶಯೆಯರೇ, ಇದನ್ನು ಓದಿ ಮುಗಿಸಿದ ಮೇಲೆ ಎದ್ದು ಹೋಗಿ ಆ ಚೀಟಿಯನ್ನು ಹೊದಿಕೆಗಳ ನಡುವಿನಿಂದ ಹೊರಗೆ ತೆಗೆಯಿರಿ. ಮಕ್ಕಳನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳಿ. ನಿಜವಾದ ಅಂಕಿಯನ್ನು, ಕಲೆ ತೆಗೆದು ಗಳಿಸಿದ್ದನ್ನೂ ಬನ್ನು ತಿಂದು ಕಳೆದದ್ದನ್ನೂ ಸೇರಿಸಿ, ಅವರ ಕೈಯಿಂದಲೇ ಬರೆಸಿ. ಹಳೆಯ ನೋಟ್‌ಬುಕ್ಕು ಸಾಕು. ನಿಮ್ಮ ಸಂಬಳ ಎಷ್ಟೆಂದು ನಿಮಗೇ ಗೊತ್ತಿಲ್ಲದಿದ್ದರೆ, ಗೊತ್ತಿರುವವರಿಗೆ ಫೋನು ಮಾಡಿ ಕೇಳಿ. ಆದರೆ ದಯವಿಟ್ಟು ಮಕ್ಕಳ ಎದುರಿನಲ್ಲೇ ಮಾಡಿ.